ಅವಳ ಕೈಯ ನೀರು

"ಇವತ್ತಾದ್ರೂ ಚರ್ಚಿಗೆ, ಪೂಜೆಗೆ ಬಾರೇ," ಎಂದಳು ಅಕ್ಕ, ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತ.

"ಡ್ಯೂಟಿ ಇದೆ ಅಕ್ಕ."

"ನಿನಗೂ ದೇವರಿಗೂ ಒಂದೇ ದಿನ ಡ್ಯೂಟಿ ಬೀಳುತ್ತೆ ನೋಡು!"

ತಂಗಿ ನಕ್ಕು ಚಪ್ಪಲಿ ಮೆಟ್ಟಿದಳು. ಹೆರಿಗೆ ಆಸ್ಪತ್ರೆಯಲ್ಲಿ ಎಳೆಗೂಸುಗಳ ವಾರ್ಡಿನ ನರ್ಸ್ ಅವಳು. ಹದಿನಾರು ವರ್ಷಗಳಿಂದ ಭಾನುವಾರದ ಪಾಳಿಯನ್ನು ಕೇಳಿ ಪಡೆಯುತ್ತಿದ್ದಳು. ಕಾರಣ ಅಕ್ಕನಿಗೆ ಗೊತ್ತಿತ್ತು, ಗೊತ್ತಿಲ್ಲದವಳಂತೆ ಇದ್ದಳು.

ಇಪ್ಪತ್ತೆರಡರ ಹರೆಯದಲ್ಲಿ, ಅಪ್ಪ ತೀರಿಕೊಂಡಾಗ, ಸಮಾಧಾನ ಹುಡುಕಿಕೊಂಡು ತಂಗಿ ಚರ್ಚಿನ ಗುರುಗಳ ಬಳಿ ಹೋಗಿದ್ದಳು. ಆತ ಬಾಗಿಲು ಹಾಕಿ ಬಲಾತ್ಕಾರ ಮಾಡಿದ. ಆಮೇಲೆ ಅದೇ ಕೈಯಿಂದ ಅವಳ ಹಣೆಗೆ ಶಿಲುಬೆಯ ಗುರುತಿಟ್ಟು, "ಇದು ದೇವರ ಚಿತ್ತ" ಎಂದ. ಅಳುತ್ತ ಮನೆಗೆ ಬಂದವಳಿಗೆ ಅಕ್ಕ, "ಗುರುಗಳ ಮೇಲೆ ಹೀಗಂದ್ರೆ ನಾಲಿಗೆ ಬಿದ್ದುಹೋದೀತು" ಎಂದಿದ್ದಳು.

ಮೈಯ ಗಾಯ ಮಾಯಿತು. ಆದರೆ ಕಣ್ಣು ಮುಚ್ಚಿದರೆ ದೇವರು ಆತನ ದನಿಯಲ್ಲೇ ಮಾತಾಡುತ್ತಿದ್ದ. "ತಂದೆಯೇ" ಎಂಬ ಪ್ರಾರ್ಥನೆಯ ಮೊದಲ ಮಾತಿಗೇ ತಡೆದು ನಿಲ್ಲುತ್ತಿದ್ದಳು.

ಅಂದು ಮಧ್ಯಾಹ್ನ, ಏಳು ತಿಂಗಳಿಗೇ ಹುಟ್ಟಿದ್ದ ಹೆಣ್ಣುಕೂಸಿನ ಉಸಿರು ತಗ್ಗತೊಡಗಿತು. ಗಾಲಿಕುರ್ಚಿಯಲ್ಲಿದ್ದ ತಾಯಿ ನರ್ಸಿನ ಕೈ ಹಿಡಿದಳು.

"ಸಿಸ್ಟರ್, ನಮ್ಮ ಚರ್ಚಿನ ಗುರುಗಳು ಬರೋಕೆ ಎರಡು ಗಂಟೆ ಆಗುತ್ತಂತೆ. ಇಂಥ ಹೊತ್ತಲ್ಲಿ ಯಾರು ಬೇಕಾದ್ರೂ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡಬಹುದಲ್ವಾ? ನೀವೇ ಕೊಡಿ."

"ನಾನಾ? ನಾನು ಪ್ರಾರ್ಥನೆ ಬಿಟ್ಟು ವರ್ಷಗಳೇ ಆದ್ವಮ್ಮ. ಅದಕ್ಕೆ ತಕ್ಕವಳಲ್ಲ."

"ಮೂರು ದಿನದಿಂದ ನನ್ನ ಮಗೂನ ಬದುಕಿಸಿರೋ ಕೈ ಇದು. ಇನ್ನೇನು ಬೇಕು?"

ಅವಳು ಬೆಚ್ಚಗಿನ ನೀರನ್ನು ಬೊಗಸೆಯಲ್ಲಿ ಹಿಡಿದಳು. ತಾಯಿ ಹೆಸರು ಉಸುರಿದಳು. ಕಿತ್ತಳೆಹಣ್ಣಿಗಿಂತ ತುಸು ದೊಡ್ಡದಾಗಿದ್ದ ಆ ತಲೆಯ ಮೇಲೆ ಮೂರು ಬಾರಿ ನೀರು ಹನಿಸುತ್ತ, "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ..." ಎಂದಳು.

ಮಾತು ಎಲ್ಲೂ ತಡೆಯಲಿಲ್ಲ. ಕೇಳಿದ ದನಿ ಆತನದಾಗಿರಲಿಲ್ಲ, ಅವಳದೇ. ಆತ ಬೀಗ ಹಾಕಿಟ್ಟಿದ್ದಾನೆಂದು ಅವಳು ನಂಬಿದ್ದ ದೇವರು, ಯಾರ ಅಪ್ಪಣೆಯನ್ನೂ ಕಾಯದೆ, ಅವಳ ಒದ್ದೆ ಬೆರಳಿನ ತುದಿಗೇ ಬಂದು ನಿಂತಿದ್ದ. ಯಂತ್ರಗಳ ಸದ್ದಿನ ನಡುವೆಯೂ ಆ ಕೋಣೆಯಲ್ಲಿ ಎಂಥದೋ ಮೌನ ತುಂಬಿತು. ಸಂಜೆಗೂ ಕೂಸು ಉಸಿರಾಡುತ್ತಿತ್ತು. ಉಳಿದೀತೆಂದು ಮಾತ್ರ ವೈದ್ಯರು ಹೇಳಲಿಲ್ಲ.

ಮನೆಯಲ್ಲಿ ಎಲ್ಲ ಕೇಳಿಸಿಕೊಂಡ ಅಕ್ಕ ತಂಗಿಯ ಕೈ ಹಿಡಿದುಕೊಂಡಳು.

"ದೇವರ ಮಾನ ಕಾಯ್ತಿದ್ದೀನಿ ಅಂದ್ಕೊಂಡಿದ್ದೆ ಕಣೇ. ಕಾದದ್ದು ಆ ಮನುಷ್ಯನ್ನ."

"ಅವನು ಇನ್ನೂ ಗುರುವಾಗೇ ಇದ್ದಾನೆ ಅಕ್ಕ. ದುಃಖ ಅಂತ ಹೆಣ್ಣುಮಕ್ಕಳು ಇನ್ನೂ ಅವನ ಹತ್ರ ಹೋಗ್ತಿದ್ದಾರೆ. ಬಿಷಪ್ಪರಿಗೂ ಪೊಲೀಸರಿಗೂ ಬರೀತೀನಿ."

ಅಕ್ಕ ಎದ್ದು ಹಾಳೆ, ಪೆನ್ನು ತಂದಿಟ್ಟು, ಕುರ್ಚಿಯನ್ನು ತಂಗಿಯ ಪಕ್ಕಕ್ಕೆ ಎಳೆದುಕೊಂಡಳು.

"ಅವತ್ತೇ ನನ್ನ ಹತ್ರ ಹೇಳಿದ್ದೆ ಅಂತ ಬರಿ. ನಾನು ಬಾಯಿ ಮುಚ್ಚಿಸಿದ್ದನ್ನೂ ಬರಿ. ಕೆಳಗೆ ನನ್ನ ಸಹಿಗೂ ಜಾಗ ಬಿಡು."