ಅಂದಾನಪ್ಪನ ಜಾಗದಲ್ಲಿ ಗುರುಪಾದಪ್ಪ

ನಾನು ಕಾಲಿನಿಂದ ತುಳಿದು ನಡೆಸುವ ಒಂದು ಅಚ್ಚಿನ ಯಂತ್ರ. ಯಾವುದೋ ದೂರದ ಕಾರ್ಖಾನೆಯಲ್ಲಿ ಎರಕ ಹೊಯ್ದು ನನ್ನನ್ನು ಮಾಡಿದರಂತೆ. ನನಗೆ ನೆನಪಿರುವುದು ಗದುಗಿನ ಓಣಿಯಿಂದ ಈಚೆಗೆ. ಕಳಕಪ್ಪನವರು ನನ್ನನ್ನು ಗಾಡಿಯಿಂದಿಳಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದು ತಮ್ಮ ಮುದ್ರಣಾಲಯದಲ್ಲಿ ನಿಲ್ಲಿಸಿದರು.

ಅಂದಿನಿಂದ ನನಗೆ ಒಂದೇ ಪುಕುಪುಕು. ಸೀಸದ ಅಕ್ಷರಗಳು ನನ್ನೊಳಗೆ ತಿರುವುಮುರುವಾಗಿ ನಿಲ್ಲುತ್ತವೆ. ಏನಿದೆಯೆಂದು ತಿಳಿಯುವುದು ಕಾಗದ ಹೊರಬಂದ ಮೇಲೆಯೇ. ಆಗ ತಿಳಿದು ಏನು ಬಂತು? ಒಮ್ಮೆ ಲಗ್ನಪತ್ರಿಕೆಯಲ್ಲಿ ಊಟದ ವ್ಯವಸ್ಥೆ ಹೋಗಿ ಓಟದ ವ್ಯವಸ್ಥೆಯಾಯಿತು. ಇನ್ನೊಮ್ಮೆ ನಾಟಕದ ಹಸ್ತಪತ್ರದಲ್ಲಿ ಮೀಸೆಯ ಹಾರ್ಮೋನಿಯಂ ಮಾಸ್ತರರೇ ನಾಯಕಿಯಾದರು! ಊರು ಬಿದ್ದು ಬಿದ್ದು ನಕ್ಕಿತು. ನನಗೆ ಜೀವ ಹೋಗಿ ಜೀವ ಬಂತು.

ಕಳಕಪ್ಪನವರು ಒಮ್ಮೆ ಜೋಡಿಸಿದ ಲಗ್ನಪತ್ರಿಕೆಯ ಅಕ್ಷರಗಳನ್ನು ಬಿಚ್ಚುತ್ತಿರಲಿಲ್ಲ. ದಾರ ಸುತ್ತಿಟ್ಟು, ಮುಂದಿನ ಮದುವೆಗೆ ಹೆಸರು, ದಿನಗಳನ್ನಷ್ಟೇ ಬದಲಿಸುತ್ತಿದ್ದರು. ಮಗಳು ನೀಲವ್ವನ ಪತ್ರಿಕೆಗೂ ಹಾಗೆಯೇ ಮಾಡಿದರು. ಅವಳ ಮೊದಲ ಸಂಬಂಧ, ನಿಶ್ಚಯದ ದಿನ ದೀಪ ಆರಿತೆಂಬ ನೆಪಕ್ಕೆ ಮುರಿದಿತ್ತು. ಇದಾದರೂ ಬೇಗ ಕೂಡಿಬರಲಿ ಎಂಬ ಆತುರ ಅವರಿಗೆ, ಪಾಪ.

ಮೊದಲ ಹಾಳೆ ಹೊರಬಂದಾಗಲೇ ನಾನು ತಪ್ಪು ಕಂಡೆ. ಕಿರ್ರೆಂದು ಕೂಗಿಕೊಂಡೆ. ಕಳಕಪ್ಪನವರು ಎಣ್ಣೆ ಬಿಟ್ಟರು!

ಒಂದು ಪತ್ರಿಕೆಗೆ ಅರಿಸಿನ ಹಚ್ಚಿ ದೇವರ ಮುಂದಿಟ್ಟು, ಬೀಗರ ಪಾಲಿನ ಕಟ್ಟನ್ನು ಬಸ್ಸಿಗೆ ಹಾಕಿದರು. ಆಮೇಲೆ ನೀಲವ್ವ ದೇವರ ಮುಂದಿನದನ್ನು ಓದಿ ಓಡಿಬಂದಳು.

“ಅಪ್ಪಾ, ಈ ಗುರುಪಾದಪ್ಪ ಯಾರು?”

ವರ ಅಂದಾನಪ್ಪನ ಜಾಗದಲ್ಲಿ ಹಿಂದಿನ ಮದುವೆಯ ವರ ಹಾಯಾಗಿ ಕುಳಿತಿದ್ದ. ಕಳಕಪ್ಪನವರು ನನ್ನ ಪೆಡಲಿನ ಪಕ್ಕ ಕುಸಿದರು.

“ಮುಗೀತವ್ವಾ. ದೀಪ ಆರಿದ್ದಕ್ಕ ಅವರು ಬಿಟ್ಟು ಹೋದ್ರು. ಇದಕ್ಕ ಇವರು ಸುಮ್ನ ಬಿಡ್ತಾರೇನು?”

ನೀಲವ್ವ ಊಟ ಮುಟ್ಟಲಿಲ್ಲ. ಮರುದಿನ ವರನ ತಾಯಿ ಬಸಲಿಂಗವ್ವ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಂದೇಬಿಟ್ಟರು. ಹೆದರಿಕೆಗೆ ನನ್ನ ಕಬ್ಬಿಣವೂ ತಣ್ಣಗಾಯಿತು.

“ತಪ್ಪಾಗೇತ್ರಿ,” ಎಂದು ಕಳಕಪ್ಪನವರು ಕೈಮುಗಿದರು.

“ಅಲ್ರೀ ಬೀಗರ, ಯಾಕಿಷ್ಟು ಅಂಜ್ತೀರಿ? ಗಂಡನ ಹೆಸರು ಬಾಯಾಗ ತಗೋಬಾರ್ದಂತ ನಾ ಜಲ್ಮೆಲ್ಲಾ ‘ಇಲ್ಲಿ ಕೇಳ್ರೀ’ ಅಂತ ಒದರಿ ಒದರಿ ಸಾಕಾಗೇನಿ. ನನ್ನ ಸೊಸಿಗೆ ಗಂಡನ್ನ ಕರಿಯಾಕ ಒಂದು ಹೆಸರರ ಸಿಕ್ತು! ಏಳ್ರಿ, ಬ್ಯಾರೆ ಅಚ್ಚು ಹಾಕ್ರಿ.”

ಕಳಕಪ್ಪನವರು ಅತ್ತೇಬಿಟ್ಟರು. ನೀಲವ್ವ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು.

ಆಮೇಲೆ ಕಂಪ್ಯೂಟರ್ ಬಂದು ನನ್ನ ಕೆಲಸ ನಿಂತಿತು. ಕಳಕಪ್ಪನವರು ಹೋದ ಮೇಲೆ, ಗುಜರಿಗೆ ಹೋಗಲಿದ್ದ ನನ್ನನ್ನು ನೀಲವ್ವ ತನ್ನ ಮನೆಯ ಪಡಸಾಲೆಗೆ ತಂದಳು. ಈಗ ನನ್ನ ಮೇಲೆ ಒಣಗಿದ ಬಟ್ಟೆ ಮಡಚಿಡುತ್ತಾಳೆ. ಅವಳ ಕೂದಲೂ ಬೆಳ್ಳಗಾಗಿದೆ. ಎಷ್ಟೋ ಹೆಸರುಗಳನ್ನು ಸರಿಯಾಗಿ ಅಚ್ಚು ಹಾಕಿದ್ದೇನೆ. ಅವೆಲ್ಲ ಎಲ್ಲಿವೆಯೋ ನಾನರಿಯೆ.

ಮೊನ್ನೆ ಪೇಟೆಗೆ ಹೋದ ಅಂದಾನಪ್ಪ ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಅವನಿಗೆ ಈಚೆಗೆ ಕಣ್ಣು ಮಂಜು. ನೀಲವ್ವ ಒಳಗೆ ಹೊರಗೆ ಚಡಪಡಿಸಿದಳು. ನನ್ನ ಹಳೆಯ ಪುಕುಪುಕು ಮತ್ತೆ ಶುರುವಾಯಿತು. ಕೊನೆಗೆ ಅವಳು ಹೊಸ್ತಿಲಲ್ಲಿ ನಿಂತು, ಓಣಿಯತ್ತ ಕೂಗಿದಳು.

“ಗುರುಪಾದಪ್ಪಾ!”

“ಬಂದೆ, ಬಂದೆ!” ಎಂದ ಅಂದಾನಪ್ಪ, ತಿರುವಿನಾಚೆಯಿಂದ.