ಗಂಡನ ಜೇಬಿನ ಪಾಸ್‌ಬುಕ್

ಗುಂಡಿಯಕ್ಕ ಅಂಗಿಗೆ ಇಷ್ಟೆಂದು ಕೂಲಿ ಪಡೆದು ಗುಂಡಿ ಹೊಲಿಯುವವಳು. ಸ್ವಂತದ್ದೊಂದು ಹೊಲಿಗೆ ಯಂತ್ರ ಕೊಂಡು ತಾನೇ ಪೂರಾ ಅಂಗಿ ಹೊಲಿಯಬೇಕೆಂಬುದು ಅವಳ ಆಸೆ. ಅದಕ್ಕಾಗಿ ನಾಲ್ಕು ವರ್ಷದಿಂದ ತಲೆದಿಂಬಿನ ಹತ್ತಿಯೊಳಗೆ ನೋಟು ತುರುಕಿ ಹೊಲಿಗೆ ಹಾಕುತ್ತಿದ್ದಳು. ಅದೇ ದಿಂಬಿನ ಮೇಲೆ ಗೊರಕೆ ಹೊಡೆಯುತ್ತಿದ್ದ ಗಂಡನಿಗೆ ಅದರ ವಾಸನೆಯೂ ಹತ್ತಿರಲಿಲ್ಲ.

ಆಗ ಬಂದರು ಬ್ಯಾಂಕಿನ ಮಹಾನುಭಾವರು. ಬಡವರ ಉದ್ಧಾರವನ್ನು ಸಂಜೆ ಐದರೊಳಗೆ ಮುಗಿಸಿ ಮನೆಗೆ ಹೋಗಬೇಕಿತ್ತು ಅವರಿಗೆ. ಬೀದಿಯಲ್ಲೇ ಮೇಜು ಹಾಕಿ, ಮನೆಯಲ್ಲಿಟ್ಟ ಹಣವನ್ನು ಇಲಿ ತಿನ್ನುತ್ತದೆಂದು ಹೆದರಿಸಿದರು. ಅರ್ಜಿ ತುಂಬುವ ಹುಡುಗಿ ತಲೆ ಎತ್ತದೆ ಫೋನ್ ನಂಬರ್ ಕೇಳಿದಳು. ಮನೆಯಲ್ಲಿದ್ದದ್ದು ಒಂದೇ ಫೋನು, ಗಂಡನದು. ಗುಂಡಿಯಕ್ಕ ಅದನ್ನೇ ಹೇಳಿದಳು. ಅದು ಯಾರದೆಂದು ಕೇಳುವ ಪುರುಸೊತ್ತು ಯಾರಿಗಿತ್ತು?

ದಿಂಬು ಬಿಚ್ಚಿ ಹಣವನ್ನೆಲ್ಲ ಹೊಸ ಖಾತೆಗೆ ಕಟ್ಟಿದಳು. ಅಂದಿನಿಂದ ಅವಳ ಗುಟ್ಟಿನ ಪ್ರತಿ ಕಾಸೂ ಗಂಡನ ಜೇಬಿನಲ್ಲಿ ಟಿಂಗ್ ಎನ್ನತೊಡಗಿತು. ಗೋಡೆಗೆ ಬಣ್ಣ ಬಳಿಯುವ ಆ ಮನುಷ್ಯ ತುಟಿ ಪಿಟಕ್ಕೆನ್ನಲಿಲ್ಲ. ಬದಲಿಗೆ ಬೆಣ್ಣೆಯಂತಾದ. ನೀರು ಹಿಡಿದು ತಂದ, ಸುಸ್ತಾಯಿತೇ ಎಂದು ವಿಚಾರಿಸಿದ. ಎಲ್ಲ ಖಾತೆಯ ಕಾಲ್ಗುಣವೆಂದು ಈ ಪೆದ್ದಿ ಹಿಗ್ಗಿದಳು.

ಒಂದು ಬೆಳಿಗ್ಗೆ ಮುಖ ಒರೆಸಿಕೊಳ್ಳುತ್ತ ಅವನೆಂದ: "ಹದಿನೆಂಟು ಸಾವಿರದ ಇನ್ನೂರು ಇದೆಯಲ್ಲ, ಇವತ್ತು ತಂದುಬಿಡು. ನನ್ನ ತಮ್ಮ ಬೈಕ್ ತಗೋತಾನಂತೆ."

ಲೆಕ್ಕ ಹೇಗೆ ಗೊತ್ತಾಯಿತೆಂದು ಗುಂಡಿಯಕ್ಕ ಕೇಳಿದರೆ ನಗುತ್ತ ಫೋನ್ ತೋರಿಸಿ ಕೆಲಸಕ್ಕೆ ಹೋದ.

ಅವಳು ಬ್ಯಾಂಕಿಗೆ ಓಡಿ, ಆ ನಂಬರ್ ತೆಗೆದುಹಾಕಿ ಎಂದು ಅಂಗಲಾಚಿದಳು. ಹಳೆಯ ನಂಬರಿಗೆ ಬರುವ ಕೋಡ್ ಹೇಳಿದರೆ ಮಾತ್ರ ಸಾಧ್ಯವೆಂದ ಗಾಜಿನಾಚೆಯವನು. ಬೀಗ ಬದಲಿಸಲು ಕಳ್ಳನ ಅಪ್ಪಣೆ ಬೇಕಂತೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಹಾಗಾದ್ರೆ ಇದ್ದದ್ದೆಲ್ಲಾ ಕೊಡಿ," ಎಂದಳು.

ಅವನು ಉಳಿತಾಯದ ಮಹಿಮೆ ಕೊರೆಯುತ್ತಲೇ ನೋಟು ಎಣಿಸಿದ. ಈಗ ಗಂಡನ ಜೇಬು ಟಿಂಗೆಂದು ಬಡಿದುಕೊಂಡಿರುತ್ತದೆಂದು ಅವಳಿಗೆ ಗೊತ್ತಿತ್ತು. ಎದ್ದೆನೋ ಬಿದ್ದೆನೋ ಎಂದು ಎದುರಿನ ಅಂಗಡಿಗೆ ಓಡಿದಳು.

ಗಂಡ ಬಣ್ಣ ಮೆತ್ತಿದ ಕೈಯಲ್ಲೇ ಏದುಸಿರು ಬಿಡುತ್ತ ಮನೆಗೆ ಬಂದಾಗ ಅವಳು ಹೊಸ ಯಂತ್ರದ ಮುಂದೆ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದಳು. ದುಡ್ಡೆಲ್ಲಿ ಎಂದು ಅವನು ಕೂಗಾಡಿದ.

"ಇಲ್ಲೇ ಇದೆ," ಎಂದಳು, ಪೆಡಲು ತುಳಿಯುತ್ತ. "ಚಕ್ರ ಒಂದೇ ಇರೋದು. ನಿಮ್ಮ ತಮ್ಮಂಗೆ ಆಗೋದಾದ್ರೆ ಹತ್ತಿ ಓಡಿಸೋಕೆ ಹೇಳಿ."