ಹಳದಿ ಅಂಚಿನ ಕೌದಿ

ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಲು ಗಂಡಸರು ಎತ್ತಿದಾಗ ಕಾಲ ಮೇಲಿದ್ದ ಕೌದಿ ಜಾರಿತು. ಶಿವರಂಜನಿ ಅದನ್ನು ನೆಲಕ್ಕೆ ಬೀಳಗೊಡದೆ ಎಳೆದುಕೊಂಡಳು. ಅತ್ತೆ ದೊಡ್ಡಬಸಮ್ಮ ಬೆಳಿಗ್ಗೆ ಜಗಲಿಯಲ್ಲಿ ಇದನ್ನು ಹೊಲಿಯುತ್ತಾ ಕೂತಿದ್ದಂತೆಯೇ ಪ್ರಾಣ ಬಿಟ್ಟಿದ್ದಳು. ಸೂಜಿ ಇನ್ನೂ ಅಂಚಿನಲ್ಲೇ ಇತ್ತು. ಒಂದು ಮೂಲೆ ಮಾತ್ರ ಬಾಕಿ.

ಪಕ್ಕದ ಮನೆಯ ಚಾಮುಂಡಮ್ಮನಿಗೆ ಕಂಡವರ ಮನೆಯ ಶಾಸ್ತ್ರವೆಲ್ಲ ಬಾಯಿಪಾಠ. ಅಳುವಿನ ನಡುವೆಯೂ ಅವಳ ಕಣ್ಣಿಗೆ ಸೂಜಿ ಬಿತ್ತು.

"ಸತ್ತೋರ ಸೂಜಿ ಕೌದೀಲಿ ಇರಬಾರ್ದು ಕಣವ್ವ. ಎಣ ಎತ್ತೋಕ್ ಮುಂಚೆ ಅದೊಂದ್ ಮೂಲೆ ಮುಗಿಸ್ಬುಡು. ಇಲ್ದಿದ್ರೆ ಅವಳ ಜೀವ ಇಲ್ಲೇ ಸುತ್ತತದೆ."

ಶಿವರಂಜನಿ ಸೂಜಿ ಹಿಡಿದಳು. ಅಳು ಒತ್ತರಿಸಿ ಬಂತು. ಅವಳಿಗೆ ತಾಯಿಯನ್ನು ಎರಡನೆಯ ಸಲ ಕಳೆದುಕೊಂಡಂತಾಗಿತ್ತು.

*

ಹೂಗ್ಯಂನಿಂದ ಕೌದಳ್ಳಿಗೆ ಸೊಸೆಯಾಗಿ ಬಂದಾಗ ಅವಳ ಜೊತೆ ಕೌದಿ ಬಂದಿರಲಿಲ್ಲ. ಆ ಕಡೆಯ ಮನೆತನಗಳಲ್ಲಿ ಹೆಣ್ಣಿನ ತಾಯಿ ತನ್ನ ಕೈಯಾರೆ ಹೊಲಿದ ಕೌದಿ ಕೊಟ್ಟು ಕಳಿಸುವುದು ವಾಡಿಕೆ. ಶಿವರಂಜನಿಗೆ ತಾಯಿಯೇ ಇರಲಿಲ್ಲ. ನೆಂಟರು ಗಂಟು ಬಿಚ್ಚಿ ನೋಡಿ ಮುಖ ಮುಖ ನೋಡಿಕೊಂಡಿದ್ದರು. ಆ ನೋಟವನ್ನು ಅವಳು ಇವತ್ತಿಗೂ ಮರೆತಿಲ್ಲ.

ಕಳೆದ ಯುಗಾದಿಯಾದ ಮೇಲೆ ಅತ್ತೆ ಹಳೆ ಸೀರೆಗಳನ್ನು ಹರಡಿಕೊಂಡು ಕರೆದಳು. "ನಿನ್ನವ್ವ ಇದ್ದಿದ್ರೆ ಒಲ್ದು ಕೊಡೋಳು. ನಾನಿಲ್ವಾ? ನೀನೂ ನನ್ ಮಗಳೇ ಕಣವ್ವ. ಬಾ, ಇಬ್ರೂ ಸೇರ್ಕಂಡು ನಿನಗೊಂದು ಕೌದಿ ಆಕುವಾ."

ಆ ಮಾತಿಗೆ ಶಿವರಂಜನಿ ಕರಗಿಹೋದಳು. ಮನೆಗೆಲಸ ಮುಗಿಸಿ ಓಡಿ ಬಂದು ಹೊಲಿಗೆಗೆ ಕೂರುವಳು. ಅಂಚಿಗೆ ಹಸಿರು ಹಾಕೋಣ ಎಂದಳು.

"ಬ್ಯಾಡ, ಅಳದಿ ಆಕು. ಎದ್ದು ಕಾಣ್ತದೆ."

ತ್ರಿಕೋನದ ತುಂಡುಗಳು ಬೇಡ, ಚೌಕವೇ ಇರಲಿ ಎಂದದ್ದೂ ಅತ್ತೆಯೇ. ನಡುವಿಗೆ ಏನು ಹಾಕುವುದೆಂದು ಬಹಳ ದಿನ ಮೀನಮೇಷ ಎಣಿಸಿ, ಕೊನೆಗೆ "ನಿನ್ ಧಾರೆ ಸೀರೆ ಸೆರಗು ಆಕುದ್ರೆ ಕಳೆ ಬತ್ತದೆ" ಎಂದಳು. ಕೆಂಪು ಸೆರಗಿಗೆ ಕತ್ತರಿ ಇಡುವ ಮುಂಚೆ ಶಿವರಂಜನಿ ಅದನ್ನೊಮ್ಮೆ ಕೆನ್ನೆಗೆ ಒತ್ತಿಕೊಂಡಳು. ತನ್ನ ಕೌದಿಗೇ ತಾನೆ ಎಂದುಕೊಂಡು ಕತ್ತರಿಸಿದಳು.

*

ಯಳಂದೂರಿನಿಂದ ದೊಡ್ಡಬಸಮ್ಮನ ಮಗಳು ನಾಗಶ್ರೀ ಬಂದಳು. ಅವ್ವನ ಪಾದ ಹಿಡಿದು ದನಿ ಬಿದ್ದುಹೋಗುವಷ್ಟು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಅತ್ತಿಗೆಯ ಪಕ್ಕ ಕೂತು ಕೌದಿಯ ಮೇಲೆ ಕೈಯಾಡಿಸಿದಳು.

"ನಂದು ಮುಗೀತಾ ಬಂದದಲ್ಲ ಅತ್ತಿಗೆ."

"ನಿಂದಾ?"

"ಊಂ. ನಮ್ ಹೊಸಮನೆ ಒಕ್ಲಾಗೋ ದಿನ ಕೊಡ್ತೀನಿ ಅಂದಿತ್ತು ಅವ್ವ. ಅಳದಿ ಅಂಚು, ಚೌಕ ಚೌಕ, ನಡುವೆ ಕೆಂಪು ಅಂತ ಫೋನಲ್ಲಿ ನಾನೇ ಯೋಳಿದ್ದೆ. ನಿಮ್ಮತ್ತಿಗೇದು ಕೈಕೆಲಸ ನಂಗಿಂತ ಚೆಂದ, ಅವಳ ಕೈಲೇ ಆಕಿಸ್ತಾ ಇವ್ನಿ ಅಂತಿತ್ತು. ನಿಮಗೆ ಯೋಳ್ಲಿಲ್ವಾ?"

ನಾಗಶ್ರೀಯ ಮುಖದಲ್ಲಿ ಕಪಟವಿರಲಿಲ್ಲ. ಶಿವರಂಜನಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ತಲೆಯೆತ್ತಿ ಅತ್ತೆಯನ್ನು ನೋಡಿದಳು. ದೊಡ್ಡಬಸಮ್ಮ ಹಣೆ ತುಂಬ ವಿಭೂತಿ ಬಳಿಸಿಕೊಂಡು, ಏನೂ ಅರಿಯದವಳ ಹಾಗೆ ಕೂತಿದ್ದಳು. ನಾದಿನಿಗೆ ಎಂದಿದ್ದರೂ ಹೊಲಿದು ಕೊಡುತ್ತಿದ್ದೆನಲ್ಲ. ಮಗಳೇ ಎಂದು ಕರೆದು ಯಾಕೆ ಮೋಸ ಮಾಡಿದೆ? ಸತ್ತವಳನ್ನು ಕೇಳುವುದಾದರೂ ಹೇಗೆ?

ಮೂಲೆ ಮುಗಿಸಿ, ಗಂಟು ಹಾಕಿ ದಾರ ಕಡಿದಳು. ಆಮೇಲೂ ಏಳಲಿಲ್ಲ. ನಾಗಶ್ರೀ ಮತ್ತೆ ಅವ್ವನ ಬಳಿ ಹೋದದ್ದೇ ತಡ, ಬ್ಲೇಡಿನಿಂದ ನಡುವಿನ ಚೌಕದ ಹೊಲಿಗೆಗಳನ್ನು ಬಿಡಿಸತೊಡಗಿದಳು.

"ನೋಡ್ರವ್ವ, ಸೊಸೆ ಅಂದ್ರೆ ಇಂಗಿರ್ಬೇಕು," ಎಂದಳು ಬಾಗಿಲ ಬಳಿಯಿದ್ದ ಚಾಮುಂಡಮ್ಮ. "ಇಂತಾ ದಿನದಲ್ಲೂ ಅತ್ತೆ ಕೆಲಸ ಮಾಡ್ತಾ ಅವಳೆ."

ಹೊರಗೆ ಜಾಗಟೆ ಮೊಳಗಿತು. ಶಿವರಂಜನಿ ಕೌದಿಯನ್ನು ಮಡಿಸಿ ನಾದಿನಿಯ ಕೈಗಿಟ್ಟಳು. ನಾಗಶ್ರೀ ಬಿಡಿಸಿ ನೋಡಿದಳು. ಕೆಂಪು ಇದ್ದ ಜಾಗದಲ್ಲಿ ಒಳಗಿನ ಸವೆದ ಸೀರೆ ಕಾಣುತ್ತಿತ್ತು.

"ಅತ್ತಿಗೆ, ಇದ್ಯಾಕೆ ಇಂಗದೆ?"

"ಅದು ನನ್ ಧಾರೆ ಸೀರೆ. ಅಲ್ಲಿಗೆ ನಿಂದೊಂದು ಆಕ್ಕೊ."

ಹೆಣಕ್ಕೆ ಸೊಸೆ ಹೊದಿಸಬೇಕಿದ್ದ ಹೊಸ ಸೀರೆಯನ್ನು ಹನೂರಿನಿಂದ ತರಿಸಿದ್ದ ಗಂಡ ಶಾಂತಮೂರ್ತಿ ಅದನ್ನು ಶಿವರಂಜನಿಯ ಮುಂದೆ ಹಿಡಿದ. "ಬಾ, ಅವ್ವಂಗೆ ಒದಿಸು. ಒತ್ತಾಯ್ತು."

ಅವಳು ಅದನ್ನು ತೆಗೆದುಕೊಂಡು ನಾಗಶ್ರೀಗೆ ದಾಟಿಸಿದಳು. "ಇದ್ನೂ ನೀನೇ ಒದಿಸವ್ವ. ಮಗಳು ನೀನು."

ಶಿವರಂಜನಿ ಎದುರಿನ ಗೋಡೆಯ ಬಳಿಗೆ ಹೋಗಿ ಕೂತು, ಕೆಂಪು ಚೌಕವನ್ನು ಮಡಿಲಲ್ಲಿ ಹರಡಿಕೊಂಡಳು. ಬಟ್ಟೆಯ ತುಂಬ ಸೂಜಿಯ ತೂತುಗಳು ಸಾಲುಸಾಲಾಗಿ ಉಳಿದಿದ್ದವು. ಹೆಣ ಹೊಸಿಲು ದಾಟುವಾಗಲೂ ಅವಳು ತಲೆ ಬಗ್ಗಿಸಿಕೊಂಡು, ಅವು ಮುಚ್ಚಿಕೊಳ್ಳಲೆಂದು ಉಗುರಿನಿಂದ ತೀಡುತ್ತಲೇ ಇದ್ದಳು.